ಮಕ್ಕಳ ಕಣ್ಣು ಕೆಂಪಾದ್ರೆ ಬರೀ ಕಣ್ಣುಬೇನೆ ಅಂತ ಬಿಡಬೇಡಿ. ಒಳಗಿನ ರೋಗದ ಸೂಚನೆಯೂ ಇರಬಹುದು

ಚಿಕ್ಕೋಡಿ: ಮಗುವಿನ ಕಣ್ಣು ಕೆಂಪಾದ್ರೆ ನಮ್ಮ ಕಡೆ ‘ಕಣ್ಣು ಬಂದಾವ’ ಅಂತ ಮೆಡಿಕಲ್ ಅಂಗಡಿಯ ಡ್ರಾಪ್ಸ್ ಹಾಕುವುದು ರೂಢಿ. ಬಹಳಷ್ಟು ಸಲ ಅದು ಸೋಂಕಿನ ಕಣ್ಣುಬೇನೆಯೇ ಆಗಿದ್ದು, ಒಂದೆರಡು ವಾರದಲ್ಲಿ ವಾಸಿಯಾಗುತ್ತದೆ. ಆದರೆ ಕೆಲವು ಮಕ್ಕಳಲ್ಲಿ ಕಣ್ಣಿನ ಉರಿಯೂತವು ಕೀಲು, ಹೃದಯ ಅಥವಾ ಶ್ವಾಸಕೋಶದ ಕಾಯಿಲೆಯ ಜೊತೆಗೆ ಬರುತ್ತದೆ.

ಕೆಂಪಾಗದ ಉರಿಯೂತ

16 ವರ್ಷದೊಳಗೆ ಶುರುವಾಗಿ, ಆರು ವಾರಕ್ಕಿಂತ ಹೆಚ್ಚು ಉಳಿಯುವ ಕೀಲುವಾತಕ್ಕೆ ವೈದ್ಯರು ಜೆಐಎ ಅನ್ನುತ್ತಾರೆ. ಮೊಣಕಾಲು, ಪಾದದ ಕೀಲು ಬಾವು ಬರುತ್ತದೆ. ಮಗು ಬೆಳಿಗ್ಗೆ ಎದ್ದಾಗ ಕುಂಟುತ್ತದೆ. ಇಂಥ ಕೆಲವು ಮಕ್ಕಳಿಗೆ, ಅದರಲ್ಲೂ ಸಣ್ಣ ವಯಸ್ಸಿನ ಹೆಣ್ಣುಮಕ್ಕಳಿಗೆ, ಕಣ್ಣೊಳಗೆ ‘ಯುವೈಟಿಸ್’ ಎಂಬ ಉರಿಯೂತ ಆಗುತ್ತದೆ. ಕಣ್ಣು ಕೆಂಪಾಗಲ್ಲ, ನೋಯಲ್ಲ, ಹಾಗಾಗಿ ಮಗು ಹೇಳುವುದೂ ಇಲ್ಲ. ಗೊತ್ತಾಗುವಷ್ಟರಲ್ಲಿ ಪೊರೆ, ಗ್ಲಾಕೋಮಾ ಬಂದು ದೃಷ್ಟಿ ಹೋಗಿರಬಹುದು. ಆದ್ದರಿಂದ ಕೀಲುವಾತ ಇರುವ ಮಗುವಿಗೆ ಕಣ್ಣಿನ ತಕರಾರು ಇಲ್ಲದಿದ್ದರೂ ‘ಸ್ಲಿಟ್ ಲ್ಯಾಂಪ್’ ತಪಾಸಣೆ ಬೇಕೇ ಬೇಕು. ಅಪಾಯ ಹೆಚ್ಚಿರುವವರಿಗೆ ಮೂರು ತಿಂಗಳಿಗೊಮ್ಮೆ ಮಾಡಿಸಬೇಕು.

ಜೊತೆಗಿರುವ ಲಕ್ಷಣ ನೋಡಿ

* ಐದು ದಿನ ಬಿಡದ ಜ್ವರ, ಪಿಚ್ಚು ಇಲ್ಲದೆ ಎರಡೂ ಕಣ್ಣು ಕೆಂಪು, ತುಟಿ-ನಾಲಿಗೆ ಕೆಂಪು, ಮೈಮೇಲೆ ಗಂದೆ: ಕವಾಸಾಕಿ ರೋಗ ಇರಬಹುದು. ಇದು ಹೃದಯದ ರಕ್ತನಾಳಕ್ಕೆ ಹಾನಿ ಮಾಡುತ್ತದೆ. ಜ್ವರ ಶುರುವಾದ 10 ದಿನದೊಳಗೆ ಚಿಕಿತ್ಸೆ ಸಿಗಬೇಕು.
* ಜ್ವರ, ಕೆಮ್ಮು, ನೆಗಡಿ, ಕೆಂಪು ಕಣ್ಣು, ನಂತರ ಗಂದೆ: ದಡಾರ ಇರಬಹುದು. ವೈದ್ಯರು ವಿಟಮಿನ್ ‘ಎ’ ಕೊಡುತ್ತಾರೆ.
* ಕೆಂಪು ಪದೇ ಪದೇ ಮರುಕಳಿಸುವುದು, ತೂಕ ಇಳಿಯುವುದು, ಕೆಮ್ಮು, ಕುತ್ತಿಗೆಯಲ್ಲಿ ಗಂಟು: ಕ್ಷಯದ ಪರೀಕ್ಷೆ ಮಾಡಿಸಿ. ಸರ್ಕಾರಿ ಆಸ್ಪತ್ರೆಗಳಲ್ಲಿ ಕ್ಷಯದ ಔಷಧ ಉಚಿತ.

ಇದನ್ನು ಮಾಡಬೇಡಿ

ವೈದ್ಯರನ್ನು ಕೇಳದೆ ಸ್ಟೀರಾಯ್ಡ್ ಡ್ರಾಪ್ಸ್ ಹಾಕಬೇಡಿ. ಕೆಂಪು ಇಳಿದ ಹಾಗೆ ಕಾಣುತ್ತದೆ, ಮೂಲ ರೋಗ ಮರೆಯಾಗುತ್ತದೆ. ದಿನಗಟ್ಟಲೆ ಹಾಕಿದರೆ ಆ ಡ್ರಾಪ್ಸೇ ಪೊರೆ, ಗ್ಲಾಕೋಮಾ ತರಬಹುದು.

ಎಲ್ಲಿ ತೋರಿಸಬೇಕು?

ಬೆಳಕು ನೋಡಲಾಗದಿದ್ದರೆ, ದೃಷ್ಟಿ ಮಂಜಾದರೆ ಅಥವಾ ಕಣ್ಣಪಾಪೆ ವಕ್ರವಾಗಿ ಕಂಡರೆ ಅದೇ ದಿನ ನೇತ್ರತಜ್ಞರ ಹತ್ತಿರ ಹೋಗಿ. ಮೊದಲು ತಾಲ್ಲೂಕಿನ ಸರ್ಕಾರಿ ಆಸ್ಪತ್ರೆಯಲ್ಲಿ ತೋರಿಸಬಹುದು. ಅಂಗನವಾಡಿ, ಶಾಲೆಗೆ ಬರುವ ಆರ್‌ಬಿಎಸ್‌ಕೆ ತಂಡಕ್ಕೂ ಹೇಳಿ. ಹೆಚ್ಚಿನ ಚಿಕಿತ್ಸೆಗೆ ಬೆಳಗಾವಿಯ ಬಿಮ್ಸ್, ಕೆಎಲ್‌ಇ ಆಸ್ಪತ್ರೆಗಳಿವೆ. ಕಾಗವಾಡ, ಅಥಣಿ ಕಡೆಯವರಿಗೆ ಮಿರಜ್, ನಿಪ್ಪಾಣಿಯವರಿಗೆ ಕೊಲ್ಹಾಪುರ ಹತ್ತಿರ. ಎಲ್ಲಿಗೇ ಹೋದರೂ ಹಳೇ ಚೀಟಿ, ಹಾಕಿದ ಡ್ರಾಪ್ಸ್ ಬಾಟಲಿ ಜೊತೆಗೆ ಒಯ್ಯಿರಿ. ಕೀಲು ನೋವು, ಜ್ವರ ಇದ್ದದ್ದನ್ನು ಕಣ್ಣಿನ ವೈದ್ಯರಿಗೂ ತಪ್ಪದೇ ಹೇಳಿ.