ಯಾರ ಜೀವಕ್ಕೆ ಯಾರು ಒತ್ತೆ?

2000ನೇ ಇಸವಿ ಜುಲೈ 30ರ ರಾತ್ರಿ ವೀರಪ್ಪನ್ ಗಾಜನೂರಿನ ಮನೆಯಿಂದ ರಾಜಕುಮಾರ್ ಅವರನ್ನು ಕಾಡಿಗೆ ಒಯ್ದ. ನವೆಂಬರ್ 15ರಂದು ಬಿಟ್ಟ. ನಡುವಿನ 108 ದಿನಗಳ ಕಥೆ ನಮಗೆಲ್ಲ ಬಾಯಿಪಾಠವಾಗಿದೆ: ಕ್ಯಾಸೆಟ್ಟು, ರಾಯಭಾರಿ, ಹರಕೆ, ಬಂದ್, ಕಲ್ಲು, ಕೊನೆಗೆ ಮರಳಿ ಬಂದ ಅಣ್ಣಾವ್ರು. ಆದರೆ ಆ ಕಥೆಯ ಹೊಟ್ಟೆಯೊಳಗೆ ಇನ್ನೊಂದು ಸೆರೆಯ ಕಥೆಯಿತ್ತು. ಆ ಸೆರೆ ಕಾಡಿನಲ್ಲಿರಲಿಲ್ಲ, ಮೈಸೂರಿನ ಜೈಲಿನಲ್ಲಿತ್ತು. ಅದರೊಳಗಿದ್ದವರ ಸಲುವಾಗಿ ಯಾರೂ ಹರಕೆ ಹೊರಲಿಲ್ಲ.

ನಾವು ಹಾನಗಲ್ಲ, ಶಿಗ್ಗಾಂವಿ, ಸವಣೂರ, ಹಿರೇಕೆರೂರ ಕಡೆಯವರು. ಮಲೆ ಮಹದೇಶ್ವರ ಬೆಟ್ಟ ನಮಗೆ ರಾಜ್ಯದ ಆಚೆ ತುದಿ. 'ಆ ಕಾಡಿನ ಉಸಾಬರಿ ನಿಮಗ್ಯಾಕ್ರಿ?' ಎಂದು ಕೇಳುವವರಿದ್ದಾರೆ. ನಮ್ಮ ಹಾವೇರಿಯೂ ಆ ಚಾಮರಾಜನಗರವೂ 1997ರಲ್ಲಿ ಒಂದೇ ಸರಕಾರ ಹುಟ್ಟಿಸಿದ ಅವಳಿ ಜಿಲ್ಲೆಗಳು ಎಂಬುದು ಒಂದು ಉತ್ತರ. ಇನ್ನೊಂದು ಉತ್ತರಕ್ಕೆ ಸ್ವಲ್ಪ ಹೊತ್ತು ಬೇಕು.

ಆ 1997ರ ಜುಲೈನಲ್ಲೇ ವೀರಪ್ಪನ್ ಬುರುಡೆ ಕಾಡಿನಿಂದ ಅರಣ್ಯ ಇಲಾಖೆಯ ಒಂಬತ್ತು ಜನ ನೌಕರರನ್ನು ಹಿಡಿದೊಯ್ದಿದ್ದ. ವಾರಗಟ್ಟಲೆ ಇಟ್ಟುಕೊಂಡ. ಜೆ.ಎಚ್. ಪಟೇಲರ ಸರಕಾರವಿತ್ತು. ಆಗಲೂ 'ನಕ್ಕೀರನ್' ಪತ್ರಿಕೆಯ ಗೋಪಾಲ್ ಕಾಡಿಗೆ ಹೋಗಿ ಬಂದರು. ಅದೇ ಅಕ್ಟೋಬರಿನಲ್ಲಿ ಬಂಡೀಪುರದಿಂದ ಕೃಪಾಕರ ಮತ್ತು ಸೇನಾನಿಯವರನ್ನು ಒಯ್ದು ಹದಿನಾಲ್ಕು ದಿನ ಇಟ್ಟುಕೊಂಡ. ಈ ಇಬ್ಬರು ತಮ್ಮ ಸೆರೆಯ ಬಗ್ಗೆ ಪುಸ್ತಕ ಬರೆದದ್ದರಿಂದ ಅವರ ದಿನಗಳು ನಮಗೆ ಗೊತ್ತು. ಆ ಒಂಬತ್ತು ಜನ ಗಾರ್ಡು, ವಾಚರುಗಳ ಹೆಸರು ಈ ಓದುಗರಲ್ಲಿ ಎಷ್ಟು ಮಂದಿಗೆ ನೆನಪಿದೆ? ಸಣ್ಣ ಸಂಬಳದ ಮನುಷ್ಯ ಕಾಡು ಪಾಲಾದರೆ ವಿಧಾನಸೌಧದ ಗಡಿಯಾರ ನಿಲ್ಲುವುದಿಲ್ಲ. ಒತ್ತೆಯಾಳುಗಳಲ್ಲೂ ಮೇಲು-ಕೀಳು ಇದೆ ಎಂಬುದನ್ನು ವೀರಪ್ಪನ್ ಅಲ್ಲಿಯೇ ಕಲಿತಿರಬೇಕು. ಮೂರು ವರ್ಷದ ಮೇಲೆ ಅವನು ಸರಕಾರಕ್ಕೆ ನೋವಾಗುವ ಜಾಗ ಹುಡುಕಿ ಕೈಹಾಕಿದ.

ರಾಜಕುಮಾರ್ ಅವರ ಮೇಲೆ ನಮ್ಮ ತಕರಾರಿಲ್ಲ. ಅವರು ಆ ಕಾಡಂಚಿನ ಬಡ ಈಡಿಗರ ಮನೆಯ ಮಗ, ಶಾಲೆ ನೆಟ್ಟಗೆ ಕಂಡವರಲ್ಲ. 1982ರಲ್ಲಿ ಗೋಕಾಕ ಚಳವಳಿಗೆ ಅವರು ಬಂದ ಮೇಲೆಯೇ ಕನ್ನಡದ ಪ್ರಶ್ನೆ ಸಾಹಿತಿಗಳ ಜಗಲಿಯಿಂದ ಇಳಿದು ಬೀದಿಗೆ ಬಂತು. ನಮ್ಮ ತಕರಾರು ಅವರನ್ನು ಮುಂದಿಟ್ಟುಕೊಂಡು ನಡೆದ ವ್ಯಾಪಾರದ ಮೇಲೆ.

ವೀರಪ್ಪನ್ ಕಳಿಸಿದ ಬೇಡಿಕೆಗಳ ಪಟ್ಟಿ ನೋಡಿ. ಸರಕಾರ ಅವನನ್ನು ದಂತಚೋರ, ಗಂಧದ ಕಳ್ಳ ಎನ್ನುತ್ತಿತ್ತು. ಆನೆ ಕೊಂದದ್ದು, ಪೊಲೀಸರನ್ನು ಕೊಂದದ್ದು, ಮಾಹಿತಿ ಕೊಟ್ಟರೆಂದು ಬಡ ಹಳ್ಳಿಗರನ್ನೇ ಕೊಂದದ್ದು ಎಲ್ಲ ಖರೆ. ಆದರೆ ಆ ಹೊತ್ತಿಗೆ ತಮಿಳು ರಾಷ್ಟ್ರೀಯತೆಯ ಸಶಸ್ತ್ರ ಗುಂಪುಗಳ ಹುಡುಗರು ಅವನ ಜೊತೆ ಸೇರಿದ್ದರು. ಪಟ್ಟಿಯ ಭಾಷೆ ಅವರದು: ಕಾವೇರಿ ನೀರು, ಬೆಂಗಳೂರಿನಲ್ಲಿ ಮುಚ್ಚಿ ನಿಂತಿದ್ದ ತಿರುವಳ್ಳುವರ್ ಪ್ರತಿಮೆ, 1991ರ ಕಾವೇರಿ ಗಲಭೆಯಲ್ಲಿ ನೊಂದ ತಮಿಳರಿಗೆ ಪರಿಹಾರ, ನೀಲಗಿರಿಯ ಚಹದೆಲೆಗೆ ಬೆಲೆ, ಮಾಂಜೋಲೈ ಚಹ ತೋಟದ ಕೂಲಿಗಳ ದಿನಗೂಲಿ. ಈ ಕೊನೆಯದರ ಹತ್ತಿರ ನಾವು ನಿಲ್ಲಬೇಕು. 1999ರ ಜುಲೈ 23ರಂದು ತಿರುನೆಲ್ವೇಲಿಯಲ್ಲಿ ಆ ಕೂಲಿಗಳ ಪರವಾಗಿ ಹೊರಟ ಮೆರವಣಿಗೆಯ ಮೇಲೆ ಪೊಲೀಸರು ಲಾಠಿ ಬೀಸಿ, ಜನ ತಾಮ್ರಪರ್ಣಿ ನದಿಗೆ ಬಿದ್ದು 17 ಮಂದಿ ಸತ್ತರು. ಹೆಚ್ಚಿನವರು ದಲಿತರು. ಹದಿನೇಳು ಹೆಣ ಬಿದ್ದರೂ ಏಳದ ಕೂಲಿಯ ಪ್ರಶ್ನೆ, ಒಬ್ಬ ನಟ ಕಾಡು ಸೇರಿದ ಕೂಡಲೇ ಎರಡು ರಾಜ್ಯಗಳ ಮುಖ್ಯಮಂತ್ರಿಗಳ ಮೇಜಿನ ಮೇಲೆ ಬಂತು. ನಮ್ಮವರ ಹಸಿವು ಕಾಡುಗಳ್ಳನ ಕೈಯಲ್ಲಿ ಚಲಾವಣೆಯ ನಾಣ್ಯವಾದದ್ದು ಹೀಗೆ. ಅವನೇನು ಅವರ ಮುಖಂಡನೇ? ಅವರನ್ನು ಕೇಳಿದವರಾದರೂ ಯಾರು?

ಪಟ್ಟಿಯ ಗಟ್ಟಿ ಬೇಡಿಕೆ ಬೇರೆ: ಮೈಸೂರಿನಲ್ಲಿದ್ದ ಟಾಡಾ ಕೈದಿಗಳನ್ನು ಬಿಡಬೇಕು. ತಮಿಳುನಾಡಿನ ಜೈಲುಗಳಲ್ಲಿದ್ದ ಐವರನ್ನೂ ಬಿಡಬೇಕು.

ಟಾಡಾ ಎಂದರೇನು ಎಂದು ಇಂದಿನ ವಿದ್ಯಾರ್ಥಿಗಳಿಗೆ ಹೇಳಬೇಕಾಗುತ್ತದೆ. ಆ ಕಾಯ್ದೆಯಲ್ಲಿ ಪೊಲೀಸ್ ಎಸ್ಪಿಯ ಮುಂದೆ ಹೇಳಿದ ತಪ್ಪೊಪ್ಪಿಗೆಯೇ ಕೋರ್ಟಿನಲ್ಲಿ ಸಾಕ್ಷಿ. ಮಾಮೂಲಿ ಕಾನೂನಿನಲ್ಲಿ ಹಾಗಿಲ್ಲ, ಯಾಕಂದರೆ ಠಾಣೆಯೊಳಗೆ ಬಾಯಿ ಹೇಗೆ ಬಿಡಿಸುತ್ತಾರೆಂದು ಬ್ರಿಟಿಷರಿಗೂ ಗೊತ್ತಿತ್ತು. ಜಾಮೀನು ಸಿಗುವುದು ಆಕಾಶದ ಹಣ್ಣು. ದೇಶದ ತುಂಬ ಕೂಗು ಎದ್ದ ಮೇಲೆ 1995ರ ಮೇ ತಿಂಗಳಲ್ಲಿ ಕಾಯ್ದೆ ಸತ್ತಿತು. ಆದರೆ ಅದರಡಿ ಹೂಡಿದ ಕೇಸುಗಳು ಸಾಯಲಿಲ್ಲ. 1993ರ ಏಪ್ರಿಲ್ 9ರಂದು ಪಾಲಾರ್ ಹತ್ತಿರ ನೆಲಬಾಂಬು ಸಿಡಿದು 22 ಜನ ಸತ್ತ ಮೇಲೆ ಬೆಟ್ಟದ ಸುತ್ತಲಿನ ಹಳ್ಳಿಗಳನ್ನು ಎಸ್‌ಟಿಎಫ್ ಜಾಲಾಡಿತು. ಅಕ್ಕಿ ಕೊಟ್ಟೆ, ದಾರಿ ತೋರಿಸಿದೆ ಎಂದು ಕೂಲಿಗಳು, ದನಗಾಹಿಗಳು, ಹೆಂಗಸರು ಒಳಗೆ ಹೋದರು. ರಾತ್ರಿ ಬಂದೂಕು ಹಿಡಿದವನು ಬಾಗಿಲು ಬಡಿದು ಅಕ್ಕಿ ಕೇಳಿದರೆ ಇಲ್ಲ ಅನ್ನಲಿಕ್ಕೆ ಅವರೇನು ಗೌಡರ ವಾಡೆಯೊಳಗೆ ಇದ್ದರೇ? ಬೆಟ್ಟದ ಮೇಲಿನ ಪೊಲೀಸ್ ಕ್ಯಾಂಪಿನಲ್ಲಿ ಚಿತ್ರಹಿಂಸೆ ಕೊಡುತ್ತಿದ್ದ ಜಾಗಕ್ಕೆ 'ವರ್ಕ್‌ಶಾಪ್' ಎಂದು ಹೆಸರು. ಅಲ್ಲಿಂದ ಬಂದವರು ಏಳು ವರ್ಷವಾದರೂ ತೀರ್ಪಿಲ್ಲದೆ ಕೊಳೆಯುತ್ತಿದ್ದರು.

ಇವರಲ್ಲಿ 51 ಜನರ ಮೇಲಿನ ಟಾಡಾ ಆರೋಪಗಳನ್ನು ಕೈಬಿಡುತ್ತೇವೆಂದು ಎಸ್.ಎಂ. ಕೃಷ್ಣ ಸರಕಾರ 2000ದ ಆಗಸ್ಟಿನಲ್ಲಿ ಹೊರಟಿತು. ಆಗ ಜಾರಿಯಲ್ಲಿದ್ದ ದಂಡ ಪ್ರಕ್ರಿಯಾ ಸಂಹಿತೆಯ 321ನೇ ಕಲಮಿನಂತೆ ಸರಕಾರಿ ವಕೀಲರು ಕೇಳಬೇಕಿತ್ತು, ಕೋರ್ಟು ಒಪ್ಪಬೇಕಿತ್ತು. ಮೈಸೂರಿನ ವಿಶೇಷ ಕೋರ್ಟು ಒಪ್ಪಿತು. ನಾವು ಕೇಳುವುದಿಷ್ಟೇ: ಈ ಜನ ನಿಜಕ್ಕೂ ಅಷ್ಟು ಘೋರ ಉಗ್ರರಾಗಿದ್ದರೆ ಆಗಸ್ಟಿನಲ್ಲಿ ಬಿಡುವುದು ಹೇಗೆ? ಅಲ್ಲವಾಗಿದ್ದರೆ ಜುಲೈ 29ರವರೆಗೂ ಇಟ್ಟುಕೊಂಡದ್ದು ಯಾವ ನ್ಯಾಯ? ಅವರು ಅಪರಾಧಿಗಳೋ ನಿರಪರಾಧಿಗಳೋ ಎಂಬುದು ಬೆಂಗಳೂರಿಗೂ ಬೇಕಿರಲಿಲ್ಲ, ಚೆನ್ನೈಗೂ ಬೇಕಿರಲಿಲ್ಲ. ಅವರು ಚಿಲ್ಲರೆ ಹಣ, ಅಷ್ಟೇ.

ಇದನ್ನು ತಡೆದವರು ಒಬ್ಬ ಮುದುಕ ತಂದೆ. 1992ರ ಆಗಸ್ಟ್ 14ರಂದು ಮೀಣ್ಯದ ಬಳಿ ವೀರಪ್ಪನ್ ಹೊಂಚುಹಾಕಿ ಎಸ್ಪಿ ಹರಿಕೃಷ್ಣ ಮತ್ತು ಸಬ್ ಇನ್ಸ್‌ಪೆಕ್ಟರ್ ಶಕೀಲ್ ಅಹಮದ್ ಅವರನ್ನು ಕೊಂದಿದ್ದ. ಶಕೀಲರ ತಂದೆ ಅಬ್ದುಲ್ ಕರೀಂ ಸುಪ್ರೀಂ ಕೋರ್ಟಿಗೆ ಹೋದರು. ಎರಡು ರಾಜ್ಯ ಸರಕಾರಗಳು, ಒಂದು ಇಡೀ ಚಿತ್ರರಂಗ, ಬೀದಿಯ ಸಿಟ್ಟು ಒಂದು ಕಡೆ, ಮಗನನ್ನು ಕಳೆದುಕೊಂಡ ಒಬ್ಬ ಮನುಷ್ಯ ಇನ್ನೊಂದು ಕಡೆ. ನವೆಂಬರ್ 7ರಂದು ಕೋರ್ಟು ಅವರ ಪರವಾಗಿ ತೀರ್ಪು ಕೊಟ್ಟು, ಆರೋಪ ಕೈಬಿಡುವ ಎರಡೂ ರಾಜ್ಯಗಳ ಕ್ರಮವನ್ನು ರದ್ದು ಮಾಡಿತು. ಇಷ್ಟು ವರ್ಷ ವೀರಪ್ಪನ್‌ನನ್ನು ಹಿಡಿಯಲಾಗದ ಸರಕಾರಗಳಿಗೆ ಛೀಮಾರಿಯೂ ಬಿತ್ತು. ಆ ತಂದೆಯ ಧೈರ್ಯಕ್ಕೆ ನಾವು ತಲೆಬಾಗುತ್ತೇವೆ. ಆದರೆ ಅವರು ಗೆದ್ದ ದಿನವೇ ಆ 51 ಜನ ಮತ್ತೆ ಸೋತರು. ಮಗ ಸತ್ತ ಪೊಲೀಸ್ ಮನೆಯೂ ಗಂಡ ಜೈಲು ಸೇರಿದ ಕೂಲಿ ಮನೆಯೂ ಎದುರುಬದುರು ನಿಂತವು. ಇಬ್ಬರನ್ನೂ ಹಾಗೆ ನಿಲ್ಲಿಸಿದವರು ಪಕ್ಕಕ್ಕೆ ಸರಿದು ನೋಡುತ್ತಿದ್ದರು.

ಎಂಟು ದಿನಕ್ಕೆ ರಾಜಕುಮಾರ್ ಬಂದರು. ಒಬ್ಬ ಕೈದಿಯನ್ನೂ ಬಿಡದೆ ಬಂದರಲ್ಲ, ಹಾಗಾದರೆ ಕೊಟ್ಟದ್ದೇನು? ಆಗ ಡಿಜಿಪಿಯಾಗಿದ್ದ ಸಿ. ದಿನಕರ್ ನಿವೃತ್ತರಾದ ಮೇಲೆ ಪುಸ್ತಕ ಬರೆದು ಕೋಟಿಗಟ್ಟಲೆ ಹಣ ಹೋಯಿತೆಂದರು. ಸರಕಾರ ನಡೆಸಿದವರು ಒಪ್ಪಲಿಲ್ಲ. ಹಾಗೆ ನೋಡಿದರೆ ಸೆಪ್ಟೆಂಬರ್ ಕೊನೆಗೆ ನಾಗಪ್ಪ ಮರಡಗಿ ಎಂಬ ಸಹಾಯಕ ನಿರ್ದೇಶಕ ತನ್ನ ಕಾಲ ಮೇಲೆ ತಾನೇ ಓಡಿ ಪಾರಾಗಿದ್ದ. ಮರಡಗಿ ಅಂದರೆ ನಮ್ಮ ಧಾರವಾಡ ಸೀಮೆಯ ಕಿವಿ ನೆಟ್ಟಗಾಗುತ್ತದೆ. ಅವನು ಬದುಕಿ ಬಂದನೆಂದು ಸಂತೋಷಪಟ್ಟವರಿಗಿಂತ, ಇನ್ನು ಅಣ್ಣಾವ್ರ ಗತಿ ಏನು ಎಂದು ಹೆದರಿದವರೇ ಹೆಚ್ಚು.

ಇದಕ್ಕೂ ಹಿಂದಿನ ಒಂದು ಸಂಗತಿಯನ್ನು ಪಕ್ಕದಲ್ಲಿಟ್ಟು ನೋಡಬೇಕು. 1987ರ ಡಿಸೆಂಬರಿನಲ್ಲಿ ಆಂಧ್ರದ ಪೂರ್ವ ಗೋದಾವರಿಯ ಗುರ್ತೇಡು ಬಳಿ ಪೀಪಲ್ಸ್ ವಾರ್ ಗುಂಪು ಐಎಎಸ್ ಅಧಿಕಾರಿಗಳನ್ನು ಹಿಡಿಯಿತು. ಅವರಲ್ಲಿ ಎಸ್.ಆರ್. ಶಂಕರನ್ ಇದ್ದರು. ಜೀತಮುಕ್ತಿಗಾಗಿ, ದಲಿತ-ಆದಿವಾಸಿಗಳಿಗಾಗಿ ನೌಕರಿಯುದ್ದಕ್ಕೂ ಹೆಣಗಿದ ಮನುಷ್ಯ. ಎನ್.ಟಿ. ರಾಮರಾವ್ ಸರಕಾರ ಜೈಲಿನಲ್ಲಿದ್ದ ನಕ್ಸಲರನ್ನು ಬಿಟ್ಟು ಅವರನ್ನು ಬಿಡಿಸಿಕೊಂಡಿತು. ಮುಂದೆ ಅದೇ ಶಂಕರನ್ ಸರಕಾರಕ್ಕೂ ನಕ್ಸಲರಿಗೂ ಮಾತುಕತೆ ಆಗಲೆಂದು ವರ್ಷಗಟ್ಟಲೆ ದುಡಿದರು. ಒತ್ತೆಯಾಗಿದ್ದವರೇ ಮಾತಿನ ದಾರಿ ಹಿಡಿದರು. ನಮ್ಮಲ್ಲಿ ರಾಜಕುಮಾರ್ ಬಂದ ಮರುದಿನ ಕಡತ ಮುಚ್ಚಿತು, ಪೊಲೀಸ್ ಪಡೆ ಕಾಡು ಹೊಕ್ಕಿತು. 2002ರ ಆಗಸ್ಟ್ 25ರಂದು ಕಾಮಗೆರೆಯಿಂದ ಒಯ್ದ ಮಾಜಿ ಮಂತ್ರಿ ಎಚ್. ನಾಗಪ್ಪ ಅವರ ಹೆಣ ಡಿಸೆಂಬರ್ 8ರಂದು ಸಿಕ್ಕಿತು. ಮಾಜಿ ಮಂತ್ರಿಯ ಜೀವವೂ ಸಾಕಷ್ಟು ತೂಗಲಿಲ್ಲ. 2004ರ ಅಕ್ಟೋಬರ್ 18ರಂದು ತಮಿಳುನಾಡು ಪೊಲೀಸರು ವೀರಪ್ಪನ್‌ನನ್ನು ಕೊಂದರು.

ಈಗ ನಮ್ಮ ಇನ್ನೊಂದು ಉತ್ತರ. 2010ರ ಜುಲೈನಲ್ಲಿ ಸವಣೂರಿನ ಭಂಗಿ ಕುಟುಂಬದವರು ಪುರಸಭೆಯ ಮುಂದೆ ನಿಂತು ಮೈಮೇಲೆ ಮಲ ಸುರಿದುಕೊಂಡರು. ತಲೆತಲಾಂತರದಿಂದ ಊರಿನ ಹೊಲಸು ಹೊತ್ತವರನ್ನು ಅವರ ಗುಡಿಸಲಿನ ಜಾಗದಿಂದಲೇ ಎಬ್ಬಿಸಲು ಹೊರಟಿದ್ದರು. ಅರ್ಜಿ ಕೊಟ್ಟು ಕೊಟ್ಟು ಅವರ ಕೈ ಸೋತಿತ್ತು. ಅವರ ಹತ್ತಿರ ಬಂದೂಕಿರಲಿಲ್ಲ, ಕಾಡಿರಲಿಲ್ಲ, ಹಿಡಿದಿಟ್ಟುಕೊಳ್ಳಲು ದೊಡ್ಡ ಮನುಷ್ಯರಿರಲಿಲ್ಲ. ಒತ್ತೆ ಇಡಲು ತಮ್ಮ ಮೈಯೊಂದೇ ಇತ್ತು. ಅದನ್ನಿಟ್ಟರು. ಆಮೇಲೆಯೇ ಬೆಂಗಳೂರು ಸವಣೂರಿನ ಕಡೆ ತಿರುಗಿ ನೋಡಿತು. ಬುರುಡೆಯ ವಾಚರುಗಳು, ಮೈಸೂರಿನ ಟಾಡಾ ಕೈದಿಗಳು ನಮಗೆ ನೆಂಟರಾಗುವುದು ಈ ದಾರಿಯಲ್ಲಿ.

ಮೈಸೂರಿನ ಕೋರ್ಟು 2001ರ ಸೆಪ್ಟೆಂಬರಿನಲ್ಲಿ ತೀರ್ಪು ಕೊಟ್ಟಿತು. ನೂರಕ್ಕೂ ಮೇಲ್ಪಟ್ಟ ಆರೋಪಿಗಳಲ್ಲಿ ಬಹುಪಾಲು ಜನ ನಿರ್ದೋಷಿಗಳೆಂದು ಹೊರಬಂದರು. ಎಸ್‌ಟಿಎಫ್ ದೌರ್ಜನ್ಯದ ದೂರುಗಳನ್ನು ವಿಚಾರಿಸಲು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ನೇಮಿಸಿದ ಸಮಿತಿಯ ಮುಂದಾಳು ನ್ಯಾಯಮೂರ್ತಿ ಎ.ಜೆ. ಸದಾಶಿವ. ಒಳಮೀಸಲಾತಿಯ ವರದಿಯಿಂದಾಗಿ ನಮ್ಮ ಕೇರಿಗಳಲ್ಲಿ ಮನೆಮಾತಾದ ಹೆಸರು. ಅವರ ಸಮಿತಿ 2003ರಲ್ಲಿ ವರದಿ ಕೊಟ್ಟ ಮೇಲೆ, 2007ರ ಜನವರಿಯಲ್ಲಿ ಆಯೋಗ 89 ಜನ ಸಂತ್ರಸ್ತರಿಗೆ ಒಟ್ಟು 2 ಕೋಟಿ 80 ಲಕ್ಷ ರೂಪಾಯಿ ಪರಿಹಾರ ಕೊಡಿ ಎಂದಿತು. ತಲಾ ಮೂರು ಲಕ್ಷದ ಸುಮಾರು. ಅಷ್ಟೊತ್ತಿಗೆ ವೀರಪ್ಪನ್ ಸತ್ತು ಎರಡು ವರ್ಷ ದಾಟಿತ್ತು, ರಾಜಕುಮಾರ್ ತೀರಿಕೊಂಡು ಒಂಬತ್ತು ತಿಂಗಳಾಗಿತ್ತು.