ಖುಲ್ನಾ–ಬಾರಿಸಾಲ್ ಸ್ವದೇಶಿ ಸ್ಟೀಮರ್ ಸೇವೆ: ಸಂಕ್ಷಿಪ್ತ ಇತಿಹಾಸ

1. ಪೀಠಿಕೆ

ಒಳನಾಡು ಜಲಸಾರಿಗೆಗೆ ಸಂಬಂಧಿಸಿದ ನೋಂದಣಿ, ತಪಾಸಣೆ ಹಾಗೂ ಪರವಾನಗಿ ಸೇವೆಗಳಿಗಾಗಿ ಅರ್ಜಿ ಸಲ್ಲಿಸುವ ಸಾರ್ವಜನಿಕರ ಮಾಹಿತಿಗಾಗಿ ಈ ಲೇಖನವನ್ನು ನೀಡಲಾಗಿದೆ. ಬಂಗಾಳದ ನದಿಗಳಲ್ಲಿ 1884ರಲ್ಲಿ ಆರಂಭಗೊಂಡು ಅಲ್ಪಕಾಲದಲ್ಲಿಯೇ ಸ್ಥಗಿತಗೊಂಡ ಒಂದು ಸ್ಟೀಮರ್ ಉದ್ಯಮದ ವಿವರಗಳು ಇದರಲ್ಲಿವೆ. ಪ್ರಯಾಣಿಕರ ಕೊರತೆಯಿಲ್ಲದಿದ್ದರೂ ಈ ಉದ್ಯಮವು ಏಕೆ ಉಳಿಯಲಿಲ್ಲ ಎಂಬುದು ಇಲ್ಲಿನ ಮುಖ್ಯ ವಿಷಯವಾಗಿರುತ್ತದೆ.

2. ಹಿನ್ನೆಲೆ

ಈ ಸೇವೆಯ ಸ್ಥಾಪಕರು ಜ್ಯೋತಿರಿಂದ್ರನಾಥ ಠಾಕೂರ್ (1849–1925). ಇವರು ಕವಿ ರವೀಂದ್ರನಾಥ ಠಾಕೂರರ ಹಿರಿಯ ಸಹೋದರರು; ನಾಟಕಕಾರರು, ಸಂಗೀತಜ್ಞರು ಹಾಗೂ ಚಿತ್ರಕಾರರೆಂದು ಹೆಸರಾದವರು. ಹಡಗು ವ್ಯವಹಾರವು ಇವರ ಮನೆತನಕ್ಕೆ ಹೊಸದಾಗಿರಲಿಲ್ಲ. ಇವರ ಪಿತಾಮಹರಾದ ದ್ವಾರಕಾನಾಥ ಠಾಕೂರರು 1834ರಲ್ಲಿ ಕಾರ್ ಠಾಕೂರ್ ಕಂಪನಿಯನ್ನು ಸ್ಥಾಪಿಸಿ, ಉಗಿಹಡಗು ವ್ಯವಹಾರದಲ್ಲಿಯೂ ತೊಡಗಿದ್ದರು.

ಪೂರ್ವ ಬಂಗಾಳದಲ್ಲಿ ನದಿ ಮತ್ತು ಕಾಲುವೆಗಳೇ ಸಂಚಾರದ ಮುಖ್ಯ ಮಾರ್ಗಗಳಾಗಿದ್ದವು. 1880ರ ದಶಕದಲ್ಲಿ ಕಲ್ಕತ್ತೆಯ ಕಡೆಯಿಂದ ಖುಲ್ನಾವರೆಗೆ ರೈಲುಮಾರ್ಗವು ಬಂದಿತು. ಅಲ್ಲಿಂದ ಮುಂದಕ್ಕೆ ಕೀರ್ತನಖೋಲಾ ನದಿಯ ದಡದಲ್ಲಿರುವ ಬಾರಿಸಾಲ್ ಪಟ್ಟಣಕ್ಕೆ ಜಲಮಾರ್ಗವನ್ನೇ ಅವಲಂಬಿಸಬೇಕಾಗಿತ್ತು. ಈ ಎರಡೂ ಪಟ್ಟಣಗಳು ಇಂದು ಬಾಂಗ್ಲಾದೇಶದಲ್ಲಿವೆ.

3. ಉದ್ಯಮದ ಆರಂಭ

ಭಾರತೀಯರ ಒಡೆತನದ ಸ್ಟೀಮರ್‌ಗಳು ಈ ನದಿಗಳಲ್ಲಿ ಓಡಬೇಕೆಂಬ ಉದ್ದೇಶದಿಂದ ಜ್ಯೋತಿರಿಂದ್ರನಾಥರು ಹರಾಜಿನಲ್ಲಿ ಒಂದು ಹಡಗಿನ ಒಡಲನ್ನು ರೂ. 7,000ಕ್ಕೆ ಖರೀದಿಸಿದರು. ಅದು ಬರಿಯ ಕಬ್ಬಿಣದ ಚೌಕಟ್ಟಾಗಿದ್ದು, ಯಂತ್ರ ಹಾಗೂ ಕೊಠಡಿಗಳನ್ನು ಹೊಸದಾಗಿ ಅಳವಡಿಸಬೇಕಾಗಿತ್ತು. ಹೀಗೆ ಸಿದ್ಧಗೊಂಡ ಹಡಗಿಗೆ 'ಸರೋಜಿನಿ' ಎಂದು ಹೆಸರಿಡಲಾಯಿತು. ಮೇ 1884ರಲ್ಲಿ ನಡೆದ ಇದರ ಪ್ರಯಾಣವೊಂದರಲ್ಲಿ ರವೀಂದ್ರನಾಥರೂ ಜೊತೆಗಿದ್ದರು.

ಈ ಸೇವೆಗೆ ಸೇರಿದ ಹಡಗುಗಳು ಈ ಕೆಳಕಂಡಂತಿವೆ:
ಅ) ಸರೋಜಿನಿ
ಆ) ಬಂಗಲಕ್ಷ್ಮಿ
ಇ) ಸ್ವದೇಶಿ
ಈ) ಭಾರತ್
ಉ) ಲಾರ್ಡ್ ರಿಪನ್

4. ದರ ಪೈಪೋಟಿ

ಸದರಿ ಮಾರ್ಗದಲ್ಲಿ ಫ್ಲೊಟಿಲ್ಲಾ ಎಂಬ ಆಂಗ್ಲ ಕಂಪನಿಯೊಡನೆ ತೀವ್ರ ಪೈಪೋಟಿ ಏರ್ಪಟ್ಟಿತು. ಪ್ರಯಾಣಿಕರನ್ನು ಸೆಳೆಯಲು ದರಗಳನ್ನು ಇಳಿಸುತ್ತಾ ಹೋಗಲಾಯಿತು. ಬಾರಿಸಾಲಿನ ಯುವಕರು ದೇಶಭಕ್ತಿಗೀತೆಗಳನ್ನು ಹಾಡುತ್ತಾ, ಸ್ವದೇಶಿ ಹಡಗಿನಲ್ಲಿಯೇ ಪ್ರಯಾಣಿಸುವಂತೆ ಜನರನ್ನು ಪ್ರೇರೇಪಿಸಿದರು. ಕೊನೆಗೆ ಪ್ರಯಾಣಿಕರಿಂದ ದರ ಪಡೆಯುವುದೇ ನಿಂತುಹೋಗಿ, ಅವರಿಗೆ ಸಿಹಿತಿಂಡಿಗಳನ್ನು ನೀಡುವ ಹಂತ ತಲುಪಿತೆಂದು ರವೀಂದ್ರನಾಥರು ತಮ್ಮ 'ಜೀವನಸ್ಮೃತಿ' ಗ್ರಂಥದಲ್ಲಿ ದಾಖಲಿಸಿದ್ದಾರೆ.

ಲೆಕ್ಕಪತ್ರದ ದೃಷ್ಟಿಯಿಂದ ಇದರ ಪರಿಣಾಮವು ಸ್ಪಷ್ಟವಾಗಿದೆ. ಹಡಗು ತುಂಬಿದ್ದರೂ ಖಾಲಿಯಿದ್ದರೂ ಕಲ್ಲಿದ್ದಲು, ಸಿಬ್ಬಂದಿ ವೇತನ ಮತ್ತು ದುರಸ್ತಿಯ ವೆಚ್ಚಗಳು ತಪ್ಪುವುದಿಲ್ಲ. ದರವೇ ಇಲ್ಲದಿರುವಾಗ ಪ್ರಯಾಣಿಕರ ಸಂಖ್ಯೆ ಹೆಚ್ಚಿದರೂ ಆದಾಯವು ಹೆಚ್ಚುವುದಿಲ್ಲ. ಇಂತಹ ಪೈಪೋಟಿಯಲ್ಲಿ ನಷ್ಟವನ್ನು ಹೆಚ್ಚು ಕಾಲ ತಾಳಿಕೊಳ್ಳಬಲ್ಲ ಬಂಡವಾಳ ಉಳ್ಳವರೇ ಉಳಿಯುತ್ತಾರೆ.

5. ಅಪಘಾತ ಮತ್ತು ಮುಕ್ತಾಯ

ನಷ್ಟವು ಬೆಳೆಯುತ್ತಿದ್ದ ಕಾಲದಲ್ಲಿ 'ಸ್ವದೇಶಿ' ಹಡಗು ಹೌರಾ ಸೇತುವೆಗೆ ಬಡಿದು ಮುಳುಗಿತು. (ಇದು 1874ರಲ್ಲಿ ಸಂಚಾರಕ್ಕೆ ತೆರೆದ ತೇಲುಸೇತುವೆ, ಇಂದಿನ ಹೌರಾ ಸೇತುವೆಯು 1943ರಲ್ಲಿ ಸಂಚಾರಕ್ಕೆ ತೆರೆಯಲ್ಪಟ್ಟಿತು.) ಈ ಹಾನಿಯನ್ನು ಭರಿಸುವ ಶಕ್ತಿ ಜ್ಯೋತಿರಿಂದ್ರನಾಥರಿಗೆ ಉಳಿದಿರಲಿಲ್ಲ. ಕೆಲವೇ ವರ್ಷಗಳ ಈ ಉದ್ಯಮವು ಕೊನೆಗೊಂಡಿತು. ನಷ್ಟ ಹಾಗೂ ಸಾಲದ ಹೊರೆಯು ಅವರೊಬ್ಬರ ಮೇಲೆಯೇ ಬಿದ್ದಿತು.

6. ಉದ್ಯಮದ ಮಹತ್ವ

ದರಗಳ ಇಳಿಕೆಯಿಂದ ಲಾಭ ಪಡೆದವರು ಆ ಭಾಗದ ಸಾಮಾನ್ಯ ಪ್ರಯಾಣಿಕರು. ಅದರ ಬೆಲೆ ತೆತ್ತವರು ಮಾಲೀಕರು. ಇಂತಹ ಪ್ರಯತ್ನಗಳ ನಷ್ಟವು ವ್ಯಕ್ತಿಗೆ ಸೇರಿದರೂ ಅದರ ಫಲವು ದೇಶಕ್ಕೆ ಸಲ್ಲುತ್ತದೆ ಎಂಬುದು ರವೀಂದ್ರನಾಥರ ಅಭಿಪ್ರಾಯವಾಗಿತ್ತು. ತರುವಾಯ 1906ರಲ್ಲಿ ತೂತ್ತುಕುಡಿಯಲ್ಲಿ ವಿ. ಓ. ಚಿದಂಬರಂ ಪಿಳ್ಳೈ ಅವರು ಸ್ವದೇಶಿ ಸ್ಟೀಮ್ ನ್ಯಾವಿಗೇಷನ್ ಕಂಪನಿಯನ್ನು ಸ್ಥಾಪಿಸಿದರು. ಕೊಲಂಬೊ ಮಾರ್ಗದಲ್ಲಿ ಸಂಚರಿಸಿದ ಆ ಕಂಪನಿಯೂ ಆಂಗ್ಲ ಕಂಪನಿಯೊಡನೆ ದರ ಪೈಪೋಟಿಯನ್ನು ಎದುರಿಸಿ, ಅಲ್ಪಕಾಲದಲ್ಲಿಯೇ ಮುಚ್ಚಿಹೋಯಿತು.

7. ಅರ್ಜಿದಾರರ ಗಮನಕ್ಕೆ

ಜ್ಯೋತಿರಿಂದ್ರನಾಥರು ಸೇವೆ ಆರಂಭಿಸಿದ 1884ರಲ್ಲಿಯೇ ಒಳನಾಡು ಉಗಿಹಡಗುಗಳಿಗೆ ಸಂಬಂಧಿಸಿದ ಅಧಿನಿಯಮವೊಂದು ಜಾರಿಗೆ ಬಂದಿತ್ತು. ಅದರ ಸ್ಥಾನದಲ್ಲಿ 1917ರ ಅಧಿನಿಯಮವೂ, ತದನಂತರ ಒಳನಾಡು ಜಲನೌಕೆಗಳ ಅಧಿನಿಯಮ, 2021 ಸಹ ಬಂದಿವೆ. ಯಂತ್ರಚಾಲಿತ ನೌಕೆಗಳ ತಪಾಸಣೆ ಮತ್ತು ನೋಂದಣಿಯೊಂದಿಗೆ ವಿಮೆಗೂ 2021ರ ಅಧಿನಿಯಮದಲ್ಲಿ ಅವಕಾಶ ಕಲ್ಪಿಸಲಾಗಿದೆ. ನೌಕೆಯ ಖರೀದಿ ಬೆಲೆಯು ಉದ್ಯಮದ ವೆಚ್ಚದ ಮೊದಲ ಕಂತು ಮಾತ್ರ. ಸಜ್ಜುಗೊಳಿಸುವ ವೆಚ್ಚ, ನಿತ್ಯದ ನಿರ್ವಹಣೆ ಹಾಗೂ ಅಪಘಾತದ ಸಂಭವ ಇವುಗಳನ್ನು ಪರಿಗಣಿಸಿ ದರವನ್ನು ನಿಗದಿಪಡಿಸಿಕೊಳ್ಳುವುದು ಅಗತ್ಯವೆಂಬುದನ್ನು ಈ ಇತಿಹಾಸದಿಂದ ತಿಳಿಯಬಹುದಾಗಿದೆ.