ಕರೆಯಲ್ಲಿ ಕೊರಗರು: ಅಜಲು ನಿಷೇಧ ಕಾಯ್ದೆಯ ಒಂದು ಉಪವಾಕ್ಯವನ್ನು ಕುರಿತು

ಎರ್ಮಾಳಿನಿಂದ ಉತ್ತರಕ್ಕೆ ಕಟಪಾಡಿ, ಒಳನಾಡಿಗೆ ತಿರುಗಿದರೆ ಅಡ್ವೆ ನಂದಿಕೂರು, ಇನ್ನೂ ಮುಂದೆ ಕಾರ್ಕಳದ ಮಿಯ್ಯಾರು. ಕೊಯ್ಲು ಮುಗಿದ ಮೇಲೆ ಈ ಸೀಮೆಯ ಜನ ಬಯಲಿನಲ್ಲಿ ನೆರೆಯುವುದು ಮುಖ್ಯವಾಗಿ ಜೋಡುಕರೆ ಕಂಬಳಗಳಿಗೆ, ಅಂದರೆ ಕೆಸರಿನ ಜೋಡಿ ಓಟದ ಹಾದಿಗಳಲ್ಲಿ (ಕರೆಗಳಲ್ಲಿ) ಕೋಣಗಳನ್ನು ಓಡಿಸುವ ಸ್ಪರ್ಧೆಗಳಿಗೆ. ಕಂಬಳದ ಬೇಸಾಯ ಮೂಲ, ಗುತ್ತು-ಬೀಡುಗಳ ಯಜಮಾನಿಕೆ, ಭೂತಾರಾಧನೆಯ ನಂಟು, ಹಗ್ಗ-ನೇಗಿಲು-ಹಲಗೆ ವಿಭಾಗಗಳ ಸ್ಪರ್ಧೆಯಾಗಿ ಅದು ಪಡೆದ ಈಗಿನ ರೂಪ, ಇವುಗಳ ಬಗ್ಗೆ ವಿದ್ವಾಂಸರಲ್ಲಿ ಹೆಚ್ಚಿನ ಭಿನ್ನಾಭಿಪ್ರಾಯವಿಲ್ಲ. ಇಲ್ಲಿ ಮತ್ತೆ ವಿವರಿಸುವ ಅಗತ್ಯವೂ ಇಲ್ಲ. ನನ್ನ ತಕರಾರು ಇರುವುದು, ಕಂಬಳದ ಸಾಂಪ್ರದಾಯಿಕ ರೂಪದಲ್ಲಿ ಊರಿನ ಎಲ್ಲ ಜಾತಿಗಳಿಗೂ ಒಂದೊಂದು ಪಾಲು ಇತ್ತು, ತುಳುನಾಡಿನ ಬುಡಕಟ್ಟು ಸಮುದಾಯವಾದ ಕೊರಗರಿಗೂ ಇತ್ತು ಎಂಬ ಮಾತಿನ ಬಗ್ಗೆ.

ಈ ಮಾತಿಗೆ ಹಳೆಯ ಲಿಖಿತ ಆಧಾರ ಎಡ್ಗರ್ ಥರ್ಸ್ಟನ್ ಅವರು ಕೆ. ರಂಗಾಚಾರಿಯವರ ನೆರವಿನೊಂದಿಗೆ 1909ರಲ್ಲಿ ಹೊರತಂದ ದಕ್ಷಿಣ ಭಾರತದ ಜಾತಿ-ಬುಡಕಟ್ಟುಗಳ ಏಳು ಸಂಪುಟಗಳಲ್ಲಿದೆ. ಕಂಬಳದ ಹಿಂದಿನ ರಾತ್ರಿ ಕೊರಗರು ಇಬ್ಬನಿಯಲ್ಲಿ ಕುಳಿತು ನಡೆಸುತ್ತಿದ್ದ ‘ಪನಿಕುಲ್ಲುನಿ’ಯ ವಿವರ ಅಲ್ಲಿ ಸಿಗುತ್ತದೆ: ವಾದ್ಯದೊಡನೆ ಹಾಡು, ತಮ್ಮದೇ ದೈವ ನೀಚನಿಗೆ ಕಳ್ಳು ಮತ್ತು ಮಡಕೆಯಲ್ಲಿ ಬೇಯಿಸಿದ ಅಕ್ಕಿಯ ಅಡ್ಡೆ. ಓದಿದವರಿಗೆ ಇದೊಂದು ಪಾಲುಗಾರಿಕೆ ಎಂದು ತೋರುವುದು ಸಹಜ. ಆದರೆ ಈ ವಿವರ ಗ್ರಂಥದಲ್ಲಿ ಎಲ್ಲಿದೆ ಎಂಬುದನ್ನೂ ಗಮನಿಸಬೇಕು. ಅದು ಬಂಟರ ಕುರಿತ ಅಧ್ಯಾಯದಲ್ಲಿದೆ. ಗದ್ದೆಯ ಒಡೆಯನ ಉತ್ಸವವನ್ನು ವರ್ಣಿಸುವಾಗ ಅದರ ಪರಿಕರಗಳ ಸಾಲಿನಲ್ಲಿ ಕೊರಗರು ಬಂದಿದ್ದಾರೆ. ಕೊರಗರನ್ನೇ ಕೇಳಿ ಬರೆದ ಬರಹ ಅದಾಗಿರುವ ಸಾಧ್ಯತೆ ಕಡಿಮೆ.

ಇನ್ನೊಂದು ಸಾಕ್ಷ್ಯ ತೊಂಬತ್ತು ವರ್ಷ ತಡವಾಗಿ, ಜಾನಪದ ಗ್ರಂಥದಲ್ಲಲ್ಲ, ಶಾಸನಪುಸ್ತಕದಲ್ಲಿ ದೊರೆಯುತ್ತದೆ. ಕರ್ನಾಟಕ ಕೊರಗರ (ಅಜಲು ಪದ್ಧತಿ ನಿಷೇಧ) ಕಾಯ್ದೆ, 2000 ಅಜಲನ್ನು ವ್ಯಾಖ್ಯಾನಿಸುವಾಗ ಕೂಲಿ ಕೊಡದೆ ಅಥವಾ ಕಡಿಮೆ ಕೊಟ್ಟು ದುಡಿಸುವುದು, ಕೀಳಾಗಿ ಕಾಣುವುದು, ಕೂದಲು-ಉಗುರು ಬೆರೆಸಿದ ಅನ್ನ ತಿನ್ನಿಸುವುದು ಇವನ್ನು ಹೇಳಿ, ಕಂಬಳ ಆರಂಭವಾಗುವ ಮುನ್ನ ಕೊರಗರನ್ನು ಕೋಣಗಳಂತೆ ಓಡಿಸುವುದನ್ನೂ ಸೇರಿಸುತ್ತದೆ. ಮೊದಲ ಮೂರೂ ಎಲ್ಲಿ ಬೇಕಾದರೂ ನಡೆಯಬಹುದಾದ ಕೃತ್ಯಗಳು. ನಾಲ್ಕನೆಯದು ಒಂದು ಆಟವನ್ನು ಹೆಸರಿಸಿಯೇ ಹೇಳಿದೆ. ಶಾಸಕಾಂಗವೊಂದು ತನ್ನ ನಾಡಿನ ವಿನೋದದ ಬಗ್ಗೆ ಇಂಥ ವಾಕ್ಯ ಬರೆಯಬೇಕಾಗಿ ಬಂದಿತ್ತೆಂಬುದೇ ಪಾಲುಗಾರಿಕೆಯ ವಾದಕ್ಕೆ ಸಾಕಷ್ಟು ಉತ್ತರ.

ಸಾರ್ವಜನಿಕ ತಾಣಗಳ ಬಗ್ಗೆ ನಮಗೆ ಪರಿಚಿತವಿರುವ ಹೋರಾಟಗಳೆಲ್ಲ ಪ್ರವೇಶದ ಹೋರಾಟಗಳು. 1927ರಲ್ಲಿ ಮಹಾಡ್‌ನ ಚವದಾರ್ ಕೆರೆಯ ನೀರಿಗಾಗಿ ಅಂಬೇಡ್ಕರ್ ನಡೆಸಿದ ಸತ್ಯಾಗ್ರಹ ಅಂಥದ್ದು. ಅಮೆರಿಕದ ಮಿಸಿಸಿಪ್ಪಿಯ ಬಿಲಾಕ್ಸಿಯಲ್ಲಿ 1959ರಿಂದ 1963ರವರೆಗೆ ಗಿಲ್ಬರ್ಟ್ ಮೇಸನ್ ಎಂಬ ವೈದ್ಯರ ಮುಂದಾಳ್ತನದಲ್ಲಿ ಕಪ್ಪುಜನ ಬಿಳಿಯರ ಕಡಲತೀರಕ್ಕಿಳಿದದ್ದೂ ಅದೇ ಬಗೆಯದು. ನಮ್ಮ ಸಂವಿಧಾನದ 15(2)ನೇ ವಿಧಿ ಸಾರ್ವಜನಿಕ ಮನರಂಜನೆಯ ತಾಣ, ಕೆರೆ, ಸ್ನಾನಘಟ್ಟಗಳಿಗೆ ಜಾತಿಯ ಕಾರಣ ಒಡ್ಡಿ ತಡೆಯುವಂತಿಲ್ಲ ಎಂದಾಗಲೂ ಅದರ ಕಣ್ಣೆದುರು ಇದ್ದದ್ದು ಮುಚ್ಚಿದ ಬಾಗಿಲು. ಕಂಬಳದ ಕರೆಯಲ್ಲಿ ಕೊರಗರಿಗೆ ಬಾಗಿಲು ಮುಚ್ಚಿರಲಿಲ್ಲ. ಅವರು ಬರಲೇಬೇಕಿತ್ತು. ಕೋಣಗಳ ಕಾಲಿಗೆ ಮುಳ್ಳು, ಗಾಜು ತಗಲದಂತೆ ಮೊದಲು ಅವರ ಕಾಲು ಕೆಸರು ತುಳಿಯಬೇಕಿತ್ತು.

ಇಲ್ಲಿಂದ ನನ್ನ ಮುಖ್ಯ ವಾದ ಹೊರಡುತ್ತದೆ. ಸ್ವಲ್ಪ ಎಚ್ಚರದಿಂದಲೇ ಮಂಡಿಸುತ್ತೇನೆ. ಬಾರದೇ ಇರುವ ಸ್ವಾತಂತ್ರ್ಯ ಇಲ್ಲದ ಕಡೆ ಹಾಜರಾತಿಯನ್ನು ಭಾಗವಹಿಸುವಿಕೆ ಎಂದು ಎಣಿಸಲಾಗದು. ಹಾಗೆಯೇ, ಆ ಹಾಜರಾತಿಯನ್ನು ನಿಲ್ಲಿಸಿದ ಮಾತ್ರಕ್ಕೆ ಬಯಲು ಅವರದೂ ಆಗುವುದಿಲ್ಲ. 2000ದ ಕಾಯ್ದೆ ಕೊರಗರನ್ನು ಕರೆಯಿಂದ ಬಿಡಿಸಿತು, ಅದು ಅದರ ಹಿರಿಮೆ. ಪ್ರೇಕ್ಷಕನಾಗಿ, ಓಟಗಾರನಾಗಿ, ಕೋಣಗಳ ಯಜಮಾನನಾಗಿ ಅವರು ಹಿಂದಿರುಗುವ ದಾರಿಯನ್ನು ನಿಷೇಧದ ಕಾಯ್ದೆಯೊಂದು ತೋರಿಸಲಾರದು. ಅದನ್ನು ತೋರಿಸಬೇಕಾದವರು ಬೇರೆ.

ಈ ವಾದಕ್ಕೆ ಮೂರು ಮಿತಿಗಳಿವೆ. ಪನಿಕುಲ್ಲುನಿಯನ್ನೂ ಓಡಿಸುವುದನ್ನೂ ನಾನು ಒಂದೇ ಎಂದು ಎಣಿಸುತ್ತಿಲ್ಲ. ತಮ್ಮ ದೈವವನ್ನು ತಮ್ಮ ಹಾಡಿನಲ್ಲಿ ಕರೆದ ಆ ರಾತ್ರಿಯಲ್ಲಿ ಕೊರಗರಿಗೆ ಸ್ವಂತದ್ದು ಏನೋ ಇದ್ದಿರಬಹುದು. ಬೆಳಗಿನ ಓಟದಲ್ಲಿ ಅದು ಇರಲಿಲ್ಲ. ಆದರೂ ಒಡೆಯನ ಗದ್ದೆಯಲ್ಲಿ, ಒಡೆಯನ ದಿನದಂದು, ಚಳಿಯಲ್ಲಿ ಕಳೆದ ರಾತ್ರಿಯನ್ನು ಸ್ವಇಚ್ಛೆಯದೆಂದು ಹೇಳುವ ಧೈರ್ಯ ನನಗಿಲ್ಲ. ಇನ್ನು ಕಂಬಳದಲ್ಲಿ ಕೊರಗರು ಬಾರಿಸುವ ಡೋಲಿನ ಮಾತು. ಕಾಯ್ದೆಯ ನಾಲ್ಕನೇ ಉಪವಾಕ್ಯ ಡೋಲಿನ ಮಾತೆತ್ತುವುದಿಲ್ಲ. ಕೂಲಿ ಮತ್ತು ತಾರತಮ್ಯದ ಉಪವಾಕ್ಯಗಳ ಬೆಳಕಿನಲ್ಲಿಯೇ ಅದನ್ನು ಅಳೆಯಬೇಕು. ಕೊರಗ ಕಲಾವಿದರು ತಾವೇ ಒಪ್ಪಿ, ಸಂಭಾವನೆ ಪಡೆದು ವೇದಿಕೆಯಲ್ಲಿ ಡೋಲು ಬಾರಿಸುವುದೂ, ಊರಿನ ಹಿರಿಯನೊಬ್ಬ ಹೇಳಿಕಳಿಸಿದನೆಂದು ಕರೆಯ ಬದಿಯಲ್ಲಿ ಬಾರಿಸುವುದೂ ಕೇಳುವವರ ಕಿವಿಗೆ ಒಂದೇ ಆಗಿರಬಹುದು, ಕಾಯ್ದೆಯ ಕಣ್ಣಿಗೆ ಒಂದಲ್ಲ. ಕೊನೆಯದಾಗಿ, ಎಲ್ಲ ಕಂಬಳಗಳೂ ಒಂದೇ ರೀತಿ ನಡೆದುಕೊಂಡವೆಂದು ನಾನು ಹೇಳುತ್ತಿಲ್ಲ.

ಹಿಂದಿರುಗುವ ದಾರಿ ಯಾಕೆ ಕಠಿಣವೆಂಬುದಕ್ಕೆ ಕಾರಣ ಕರೆಯ ಹೊರಗಿದೆ. ಕಂಬಳದಲ್ಲಿ ಘೋಷಣೆಯಾಗುವುದು ಮನೆತನದ ಹೆಸರು. ಕೋಣ ಸಾಕಲು ವರ್ಷವಿಡೀ ಮೇವು, ಎಣ್ಣೆ, ಆಳು, ಕೊಟ್ಟಿಗೆ ಬೇಕು. ಇವೆಲ್ಲದರ ಹಿಂದೆ ಭೂಮಿ ಇದೆ. ಕೊರಗರು ಮಂಗಳೂರಿನಲ್ಲಿ 1993ರ ಆಗಸ್ಟ್ 18ರಂದು ಮೆರವಣಿಗೆ ಹೊರಟದ್ದು ಭೂಮಿಗಾಗಿ. ಆ ದಿನವನ್ನು ಅವರು ಇಂದಿಗೂ ಭೂಮಿ ಹಬ್ಬವೆಂದು ಆಚರಿಸುತ್ತಾರೆ. ಮರುವರ್ಷ ಬಂದ, ಕೊರಗರ ಕುರಿತ ಡಾ. ಮೊಹಮ್ಮದ್ ಪೀರ್ ವರದಿಯೂ ಕುಟುಂಬಕ್ಕೆ ಎರಡೂವರೆ ಎಕರೆ ನೀಡಬೇಕೆಂದಿತು. 2011ರ ಜನಗಣತಿಯಲ್ಲಿ ಕರ್ನಾಟಕದ ಕೊರಗರ ಸಂಖ್ಯೆ 14,794. ಇಷ್ಟು ಚಿಕ್ಕ ಸಮುದಾಯಕ್ಕೆ ಅಷ್ಟು ನೆಲ ಒದಗಿಸುವುದು ದೊಡ್ಡ ಲೆಕ್ಕವೇನಲ್ಲ.

ಕಂಬಳದ ಬಗ್ಗೆ ದೇಶ ಗದ್ದಲ ಎಬ್ಬಿಸಿದ್ದು ಬೇರೆಯೇ ಕಾರಣಕ್ಕೆ. ಪ್ರಾಣಿಗಳನ್ನು ಬಳಸುವ ಇಂಥ ಆಟಗಳನ್ನು ತಡೆದ 2014ರ ಮೇ 7ರ ಸುಪ್ರೀಂ ಕೋರ್ಟ್ ತೀರ್ಪಿನಿಂದ ಕಂಬಳಕ್ಕೆ ಅವಕಾಶ ಕೊಟ್ಟ ಕರ್ನಾಟಕದ 2017ರ ತಿದ್ದುಪಡಿಯವರೆಗೆ, ಅಲ್ಲಿಂದ 2023ರ ಮೇ 18ರಂದು ಸಂವಿಧಾನ ಪೀಠ ಆ ತಿದ್ದುಪಡಿಯನ್ನು ಎತ್ತಿಹಿಡಿಯುವವರೆಗೆ, ವಾದವೆಲ್ಲ ಕೋಣಗಳ ನೋವಿನ ಸುತ್ತಲೇ ನಡೆಯಿತು. ಕಂಬಳದ ಪರ ನಿಂತವರ ಮುಖ್ಯ ಆಸರೆ ಪರಂಪರೆ. ಅದೇ ಪರಂಪರೆಯೊಳಗೆ ಅಜಲೂ ಇತ್ತು. ಪರಂಪರೆಯನ್ನು ಆಯ್ದುಕೊಳ್ಳುವುದು ತಪ್ಪಲ್ಲ. ಆಯ್ದುಕೊಂಡೆವೆಂದು ಒಪ್ಪಿಕೊಳ್ಳದಿರುವುದು ವಿದ್ವತ್ತಿಗೆ ಒಪ್ಪದು.

ಪನಿಕುಲ್ಲುನಿಯ ರಾತ್ರಿಯಲ್ಲಿ ಹಾಡಿದ್ದೇನು, ಅದನ್ನು ಕೊರಗರು ಹೇಗೆ ನೆನೆಯುತ್ತಾರೆ, ಮರಳಿ ಬೇಕೆನ್ನುತ್ತಾರೆಯೇ ಎಂಬ ಪ್ರಶ್ನೆಗಳನ್ನು ಈ ಲೇಖನ ತೀರ್ಮಾನಿಸಲಾರದು. ಡಿ.ಎನ್. ಶಂಕರ ಭಟ್ಟರು ಕೊರಗ ಭಾಷೆಯ ವ್ಯಾಕರಣ ಬರೆದು 1971ರಲ್ಲೇ ಪ್ರಕಟಿಸಿದ್ದಾರೆ. ಆ ಭಾಷೆಯಲ್ಲಿ ಕಂಬಳದ ನೆನಪುಗಳನ್ನು ದಾಖಲಿಸುವ ಕೆಲಸವನ್ನು ತುಳುನಾಡಿನ ವಿಶ್ವವಿದ್ಯಾಲಯ, ಅಕಾಡೆಮಿಗಳು ಕೊರಗ ಸಂಘಟನೆಗಳ ಜೊತೆಗೂಡಿ, ಅಜಲಿನ ಕಾಲ ಕಂಡ ಹಿರಿಯರು ಇರುವಾಗಲೇ ಕೈಗೆತ್ತಿಕೊಳ್ಳಬೇಕು.